ಮೇಷ್ಟ್ರು ಹಾಕಿದ ಸೈಲೆನ್ಸರ್

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಘನತೆ ಬೇಡವೇ? ಜನ ಷಡ್ಡಕನ ಮನೆ ನೋಡಿ ಉರಿದುಕೊಳ್ಳುತ್ತಾರೆ, ಬಡ್ತಿ ನೋಡಿ ಉರಿದುಕೊಳ್ಳುತ್ತಾರೆ, ಹೆಚ್ಚೆಂದರೆ ಅವನ ತಲೆಯ ಮೇಲೆ ಇನ್ನೂ ಉಳಿದಿರುವ ಕೂದಲು ನೋಡಿ ಉರಿದುಕೊಳ್ಳುತ್ತಾರೆ. ದೊಡ್ಡಳಿಯ ಉರಿದುಕೊಂಡದ್ದು ಒಂದು ಸೈಲೆನ್ಸರ್ ನೋಡಿ. ಅದೂ ಫೋಟೋದಲ್ಲಿ.

ಫೋಟೋ ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ಮನೆಮಂದಿ, ನೆಂಟರಿಷ್ಟರು ಎಲ್ಲ ಇರುವ ಫೋನಿನ ಗುಂಪಿಗೆ. ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಎತ್ತುವಾಗ ಬೆನ್ನು ಉಳುಕಿಸಿಕೊಂಡು ಅವನು ಮಂಚ ಹಿಡಿದು ಐದು ದಿನವಾಗಿತ್ತು. ಮಗ್ಗುಲು ಬದಲಿಸಲೂ ಹೆಂಡತಿಯನ್ನು ಕರೆಯಬೇಕಾದ ಸ್ಥಿತಿ. ಅಂಥ ಹೊತ್ತಿನಲ್ಲಿ ಅವಳೇ ಫೋನನ್ನು ಅವನ ಮೂಗಿನ ಮುಂದೆ ಹಿಡಿದಳು. ಹೆಂಡತಿಯ ತಂಗಿಯ ಗಂಡ, ಅಂದರೆ ಕಾಲೇಜಿನಲ್ಲಿ ಗಣಿತ ಹೇಳುವ ಮೇಷ್ಟ್ರು, ತನ್ನ ಹಳೇ ಬಿಳಿ ಕಾರಿನ ಪಕ್ಕ ಅಂಗಳದಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಎಡಗೆನ್ನೆಯ ಮೇಲೆ ಒಂದು ಗೀರು ಮಸಿ. ತುಕ್ಕು ಹಿಡಿದು ತೂತಾದ ಸೈಲೆನ್ಸರನ್ನು, ದೊಡ್ಡ ಮೀನು ಹಿಡಿದವನ ಹಾಗೆ, ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಕೆಳಗೆ ಬರೆದಿತ್ತು: ‘ಹಳೆಯದು ಹೋಯಿತು, ಹೊಸದು ಬಂತು. ಸ್ವಂತ ಕೈಯಾರೆ!’

ಆಮೇಲೆ ಶುರುವಾಯಿತು ನೋಡಿ ಹೊಗಳಿಕೆಯ ಸುರಿಮಳೆ. ಚಪ್ಪಾಳೆಯ ಚಿತ್ರಗಳೇನು, ಬೆಂಕಿಯ ಚಿತ್ರಗಳೇನು! ಯಾವತ್ತೂ ಆ ಗುಂಪಿನಲ್ಲಿ ಒಂದಕ್ಷರ ಬರೆಯದ ಮಾವ ಕೂಡ ಕನ್ನಡಕ ಹುಡುಕಿಕೊಂಡು ಬಂದು ‘ಭಲೇ ಅಳಿಯಂದ್ರೇ’ ಎಂದು ಬರೆದರು.

“ನೋಡ್ರೀ, ಚಾಕ್‌ಪೀಸ್ ಹಿಡಿಯೋ ಕೈಲಿ ಸ್ಪ್ಯಾನರ್ ಹಿಡಿದಿದಾರೆ,” ಎಂದಳು ಹೆಂಡತಿ. “ನಿಮಗೆ ಬೆನ್ನುನೋವು, ತೊಂದರೆ ಕೊಡೋದು ಬೇಡ ಅಂತ ತಾವೇ ಮಾಡ್ಕೊಂಡ್ರಂತೆ. ಓದಿದವರು ಮನಸ್ಸು ಮಾಡಿದ್ರೆ ಏನು ಬೇಕಾದ್ರೂ ಮಾಡ್ತಾರೆ ಬಿಡಿ.”

ಆ ‘ಬಿಡಿ’ ಅವನಿಗೆ ಉಳುಕಿದ ಬೆನ್ನಿಗಿಂತ ಹೆಚ್ಚು ನೋವು ಕೊಟ್ಟಿತು. ಇಪ್ಪತ್ತೆರಡು ವರ್ಷದಿಂದ ಅವನು ಗ್ಯಾರೇಜಿನಲ್ಲಿದ್ದಾನೆ, ಎಂಟು ವರ್ಷದಿಂದ ಅಲ್ಲಿ ಹೆಡ್ ಮೆಕ್ಯಾನಿಕ್. ಅವನು ಬಿಚ್ಚಿ ಹಾಕಿದ ಸೈಲೆನ್ಸರುಗಳನ್ನು ಸಾಲಾಗಿ ಇಟ್ಟರೆ ಮಾವನ ಮನೆಯಿಂದ ಬಸ್ ನಿಲ್ದಾಣ ಮುಟ್ಟುತ್ತದೆ. ಒಬ್ಬರು, ಒಬ್ಬೇ ಒಬ್ಬರು, ‘ಭಲೇ’ ಅಂದವರಿಲ್ಲ. ಹಿತ್ತಲ ಗಿಡ ಮದ್ದಲ್ಲ, ಒಪ್ಪೋಣ. ಆದರೆ ಪಕ್ಕದ ಮನೆಯವನು ಅದೇ ಗಿಡದ ಒಂದು ಎಲೆ ಕಿತ್ತು ತೋರಿಸಿದರೆ ಅವನು ವೈದ್ಯನೇ?

ಇದು ಒಂದು ದಿನದ ಉರಿಯೂ ಅಲ್ಲ. ಮಾವ ಊಟಕ್ಕೆ ಕರೆದರೆ ತಮ್ಮ ಪಕ್ಕದ ಕುರ್ಚಿ ಮೇಷ್ಟ್ರಿಗೆ. ಮನೆಗೆ ಯಾರಾದರೂ ಬಂದರೆ “ಇವರು ನಮ್ಮ ಚಿಕ್ಕಳಿಯ, ಕಾಲೇಜಿನಲ್ಲಿ ಇದ್ದಾರೆ” ಎನ್ನುವಾಗ ಮಾವನ ಎದೆ ಒಂದಿಂಚು ಮುಂದೆ ಬರುತ್ತಿತ್ತು. ದೊಡ್ಡಳಿಯನನ್ನು ತೋರಿಸುವಾಗ ಮಾತ್ರ “ಇವರೂ ಇದ್ದಾರೆ”. ಅವನ ಸ್ವಂತ ಮಗಳೇ ಲೆಕ್ಕ ಬಿಡಿಸಲಾಗದಿದ್ದರೆ ಚಿಕ್ಕಪ್ಪನ ಹತ್ತಿರ ಓಡುತ್ತಿದ್ದಳು. ಅದೆಲ್ಲವನ್ನೂ ಅವನು ನುಂಗಿಕೊಂಡಿದ್ದ. ಯಾಕೆಂದರೆ ಒಂದು ಮಾತ್ರ ಅವನದಾಗಿ ಉಳಿದಿತ್ತು: ಕೈ. ಮೇಷ್ಟ್ರಿಗೆ ಬಲ್ಬ್ ಬದಲಾಯಿಸಲೂ ಬರುವುದಿಲ್ಲ ಎಂಬುದು ಅವನ ಒಳಗಿನ ಸಣ್ಣ ನೆಮ್ಮದಿಯಾಗಿತ್ತು. ಈಗ ಅದನ್ನೂ ಬಂದು ಎತ್ತಿಕೊಂಡು ಹೋದನಲ್ಲ, ಆ ಕಳ್ಳ!

ಮುಂದಿನ ವಾರ ಮಾವನ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಮೇಷ್ಟ್ರು ಅವನಿಗೇ ಪಾಠ ಹೇಳಿದ. “ತುಕ್ಕು ಹಿಡಿದ ಬೋಲ್ಟನ್ನ ಜಗ್ಗಬಾರದು ಅಣ್ಣಾ, ಮುರಿದುಹೋಗುತ್ತೆ. ಎಣ್ಣೆ ಬಿಟ್ಟು, ಸ್ವಲ್ಪ ಬಿಸಿ ಮಾಡಿ, ಹಿಂದಕ್ಕೂ ಮುಂದಕ್ಕೂ ಆಡಿಸ್ಬೇಕು. ಹೌದಲ್ವಾ?”

“ಹೌದು ಮೇಷ್ಟ್ರೇ,” ಎಂದ ಅವನು.

ಕೇಳುತ್ತ ನಿಂತಿದ್ದ ಮಗಳು, “ಅಪ್ಪಾ, ನೀನೂ ಚಿಕ್ಕಪ್ಪನ ಥರಾನೇ ಮಾಡ್ತೀಯಾ?” ಎಂದಳು.

ಎಲ್ಲರೂ ನಕ್ಕರು. ಅವನೂ ನಕ್ಕ. ಮೇಷ್ಟ್ರನ್ನು ಮುಗಿಸಬೇಕು ಎಂದು ಅವನು ತೀರ್ಮಾನಿಸಿದ್ದು ಆ ನಗು ಮುಗಿಯುವ ಮೊದಲೇ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಯೋಚಿಸಿದಷ್ಟೂ ಅವನಿಗೆ ಖುಷಿಯಾಯಿತು, ಏಕೆಂದರೆ ಕೋಲನ್ನು ಮೇಷ್ಟ್ರೇ ತಂದು ಕೈಗೆ ಕೊಟ್ಟಿದ್ದ. ಕಾರಿನ ಹೊಗೆ ಎಂಥದ್ದು ಎಂದು ಗ್ಯಾರೇಜಿನವರಿಗೆ ಗೊತ್ತು. ಹಿಂದಿನಿಂದ ಹೊರಹೋದರೆ ಬರೀ ಹೊಗೆ; ಪೈಪು ಕೂಡುವ ಜಾಗದಲ್ಲಿ ಸೋರಿ ಒಳಗೆ ಬಂದರೆ ಸದ್ದಿಲ್ಲದೆ ತೂಕಡಿಕೆ ತರಿಸಿ ಕೊಲ್ಲುವ ವಿಷ. ಮೇಷ್ಟ್ರ ಕಾಲೇಜು ಒಂದು ಗಂಟೆಯ ದಾರಿ. ಧೂಳು ಆಗಿಬರುವುದಿಲ್ಲವೆಂದು ಕಿಟಕಿಯ ಗಾಜು ಎಂದೂ ಇಳಿಸುವವನಲ್ಲ. ವರ್ಷವಿಡೀ ನೆಗಡಿ, ಹಾಲು ಸೀದುಹೋದರೂ ಗೊತ್ತಾಗದ ಮೂಗು. ಸೋಮವಾರ ಅವನ ಹೆಂಡತಿ ಪಾಠ ಹೇಳುವ ಶಾಲೆ ಬೇಗ, ಅವಳು ಬಸ್ಸಿನಲ್ಲಿ ಹೋಗುತ್ತಾಳೆ, ಕಾರಿನಲ್ಲಿ ಅವನೊಬ್ಬನೇ. ನಾದಿನಿಗೆ ಏನೂ ಆಗಬಾರದು, ಅಷ್ಟು ನಿಯತ್ತು ದೊಡ್ಡಳಿಯನಿಗಿತ್ತು.

ಆಮೇಲೆ ಜನ ಏನು ಹೇಳುತ್ತಾರೆ? ಪಾಪ, ಬಾರದ ಕೆಲಸಕ್ಕೆ ಕೈಹಾಕಿದ, ಅನುಭವಿಸಿದ. ಸಾಕ್ಷಿ ಬೇಕೇ? ನಲವತ್ತಮೂರು ಜನರ ಫೋನಿನಲ್ಲಿ ಫೋಟೋ ಇದೆ, ಕೆನ್ನೆಯ ಮಸಿ ಸಮೇತ. ‘ಸ್ವಂತ ಕೈಯಾರೆ’ ಎಂದು ಅವನೇ ಬರೆದುಕೊಟ್ಟಿದ್ದಾನೆ. ಸಾಯುವವನೇ ಇಷ್ಟು ಸಹಕಾರ ಕೊಟ್ಟ ಕೊಲೆ ಇನ್ನೊಂದಿರಲಾರದು ಎಂದುಕೊಂಡು ಅವನು ಒಳಗೊಳಗೇ ಬೀಗಿದ.

ಒಡೆದ ಹಳೇ ಗ್ಯಾಸ್ಕೆಟ್ ಒಂದನ್ನು, ಅಂದರೆ ಎರಡು ಪೈಪು ಕೂಡುವಲ್ಲಿ ಸೋರದಂತೆ ಇಡುವ ಬಿಲ್ಲೆಯನ್ನು, ಗ್ಯಾರೇಜಿನ ಕಸದ ಡಬ್ಬಿಯಿಂದ ಹೆಕ್ಕಿ ಕಾಗದದಲ್ಲಿ ಸುತ್ತಿಟ್ಟುಕೊಂಡ. ಎರಡು ಸ್ಪ್ಯಾನರನ್ನು ಬಟ್ಟೆಯಲ್ಲಿ ಸುತ್ತಿ, ತನ್ನ ಗಾಡಿಯ ಸೀಟಿನ ಕೆಳಗಿಟ್ಟ. ಕೈಗೆ ಮಸಿಯಾಗುತ್ತದೆಂಬ ಚಿಂತೆ ಬೇರೆ ಕೊಲೆಗಾರರಿಗೆ ಇರಲಿ. ಇವನ ಉಗುರಿನಲ್ಲಿ ಇಪ್ಪತ್ತೆರಡು ವರ್ಷದ ಮಸಿ ಇದೆ, ಯಾರೂ ಅದನ್ನು ನೋಡುವುದೇ ಇಲ್ಲ.

ಭಾನುವಾರ ಊಟವಾದ ಮೇಲೆ ಮಾವನ ಮನೆಯ ಹಜಾರದಲ್ಲಿ ಎಲ್ಲರೂ ಟಿವಿ ಮುಂದೆ ಕೂತರು. ಅದರಲ್ಲೊಂದು ಪ್ರಶ್ನೋತ್ತರದ ಆಟ. ಉತ್ತರ ಹೇಳುವವನು ಮೇಷ್ಟ್ರು, ತಲೆದೂಗುವವರು ಉಳಿದವರು. “ಕೂತ್ರೆ ಬೆನ್ನು ಹಿಡ್ಕೊಳ್ಳುತ್ತೆ, ಸ್ವಲ್ಪ ಅಡ್ಡಾಡಿ ಬರ್ತೀನಿ,” ಎಂದು ಅವನು ಎದ್ದ. ಯಾರೂ ತಿರುಗಿ ನೋಡಲಿಲ್ಲ. ಮೇಷ್ಟ್ರ ಮನೆ ಅದೇ ಬೀದಿಯಲ್ಲಿ; ಅವನ ಕಾರು ಸೋಮವಾರ ಬೆಳಿಗ್ಗೆಯವರೆಗೂ ಮಾವನ ಹಿತ್ತಲಿನ ಶೆಡ್ಡಿನಲ್ಲೇ ಇರುತ್ತಿತ್ತು, ಮೂರು ಕಡೆ ಗೋಡೆ. ಹಳೇ ಗೋಣಿಚೀಲ ಹಾಸಿಕೊಂಡು, ಹಲ್ಲು ಕಚ್ಚಿಕೊಂಡು ಅವನು ಕಾರಿನ ಕೆಳಗೆ ಸರಿದ.

ಅಲ್ಲಿ ಅವನಿಗೆ ಒಂದು ಪೆಟ್ಟು ಕಾದಿತ್ತು. ಎಡವಟ್ಟು ಕೆಲಸ ನೋಡುತ್ತೇನೆ ಎಂದುಕೊಂಡು ಬಂದಿದ್ದ. ನಿಜ ಹೇಳಬೇಕೆಂದರೆ, ಹಾಗೆ ಆಗಲಿ ಎಂದು ಒಳಗೊಂದು ಆಸೆಯೂ ಇತ್ತು. ಒಂದು ಬೋಲ್ಟು ಸೊಟ್ಟಗಿದ್ದರೂ ಸಾಕಿತ್ತು, ಎದ್ದು ಒಳಗೆ ಹೋಗಿ “ಬನ್ನಿ, ನಿಮ್ಮ ಮೇಷ್ಟ್ರ ಕೈಚಳಕ ನೋಡಿ” ಎಂದು ಎಲ್ಲರನ್ನೂ ಕರೆದು ತೋರಿಸಿ, ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದನೇನೋ. ಆದರೆ ಕೆಲಸ ಅಚ್ಚುಕಟ್ಟಾಗಿತ್ತು. ಪೈಪು ನೂಲು ಹಿಡಿದ ಹಾಗೆ ನೇರ, ಹೊಚ್ಚಹೊಸ ಗ್ಯಾಸ್ಕೆಟ್, ತೂಗುಹಾಕುವ ರಬ್ಬರುಗಳು ಸಮಸಮ, ಬೋಲ್ಟಿನ ಹಲ್ಲಿಗೆಲ್ಲ ಗ್ರೀಸು. ತಾನೇ ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಆಗುತ್ತಿರಲಿಲ್ಲ. ಒಂದು ಕ್ಷಣ ಅವನಿಗೆ ಮೆಚ್ಚುಗೆಯೇ ಆಯಿತು. ಆ ಮೆಚ್ಚುಗೆಯೇ ಎದೆಗೆ ಚುಚ್ಚಿತು. ಒಂದು ಭಾನುವಾರದಲ್ಲಿ, ಯಾರದೋ ವಿಡಿಯೋ ನೋಡಿ, ಈ ಮನುಷ್ಯ ಇಷ್ಟು ಕಲಿತನೇ? ಹಾಗಾದರೆ ತನ್ನ ಇಪ್ಪತ್ತೆರಡು ವರ್ಷ ಏನಾಯಿತು?

ಬಂದ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಹೊಸ ಬಿಲ್ಲೆ ಜೇಬಿಗೆ, ಒಡೆದದ್ದು ಅದರ ಜಾಗಕ್ಕೆ. ಬಾರದವನು ಬಿಗಿದ ಹಾಗೆ ಬಿಗಿಯುವುದು ಬರುವವನಿಗೆ ಎಷ್ಟು ಕಷ್ಟ ಎಂಬುದು ಅವನಿಗೆ ಆಗ ಗೊತ್ತಾಯಿತು. ಕೈ ಮತ್ತೆ ಮತ್ತೆ ಸರಿಯಾಗಿಯೇ ಬಿಗಿಯಲು ಹೋಗುತ್ತಿತ್ತು, ಬೈದು ತಡೆಯಬೇಕಾಯಿತು. ಹೊಗೆಗೆ ದಾರಿಯಾಗಲೆಂದು ಕಾರಿನ ತಳದಲ್ಲಿದ್ದ ಒಂದು ರಬ್ಬರ್ ಬಿರಡೆಯನ್ನೂ ಕಿತ್ತುಕೊಂಡ. ಸ್ಪ್ಯಾನರು ತಾಗಿದ ಕಡೆಯೆಲ್ಲ ನೆಲದ ಮಣ್ಣು ಉಜ್ಜಿ, ಗೋಣಿಚೀಲ ಕೊಡವಿ, ಇದ್ದಲ್ಲಿ ಇಟ್ಟ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು.

ಒಳಗೆ ಬಂದಾಗ ಮೇಷ್ಟ್ರು ತನ್ನ ಕುರ್ಚಿಯಿಂದ, ಅದೇ ಮಾವನ ಪಕ್ಕದ ಕುರ್ಚಿಯಿಂದ, ಎದ್ದು ನಿಂತ. “ಇಲ್ಲಿ ಕೂತ್ಕೊಳ್ಳಿ ಅಣ್ಣಾ, ಇದಕ್ಕೆ ಬೆನ್ನು ಚೆನ್ನಾಗಿ ಆನ್ಕೊಳ್ಳುತ್ತೆ. ದಿಂಬು ಬೇಕಾ?” ದಿಂಬನ್ನೂ ತಾನೇ ತಂದು ಸರಿಮಾಡಿ ಇಟ್ಟ. ದೊಡ್ಡಳಿಯ ಕೂತ. ಕುರ್ಚಿ ನಿಜಕ್ಕೂ ಹಿತವಾಗಿತ್ತು. ‘ಹೇಳಿಬಿಡಲೇ, ಕಾರಿನ ಕೆಳಗೊಮ್ಮೆ ನೋಡಬೇಕು ಎಂದು?’ ಅನ್ನಿಸಿ ಬಾಯಿ ತೆರೆದ. ಅಷ್ಟರಲ್ಲಿ ಮಾವ, “ನೋಡಿ, ಕೊನೇ ಪ್ರಶ್ನೆಗೂ ನಮ್ಮ ಮೇಷ್ಟ್ರದ್ದೇ ಸರಿ ಉತ್ತರ!” ಎಂದು ತೊಡೆ ತಟ್ಟಿಕೊಂಡರು. ಅವನು ಬಾಯಿ ಮುಚ್ಚಿದ.

ಸೋಮವಾರ ಹತ್ತೂಮುಕ್ಕಾಲಿಗೆ ಫೋನು ಬಂತು. ನೇರವಾದ ರಸ್ತೆಯಲ್ಲಿ ಕಾರು ಮೆಲ್ಲಗೆ ಪಕ್ಕಕ್ಕೆ ಸರಿದು, ಬೇಲಿಗೆ ಒರಗಿ ನಿಂತಿತ್ತಂತೆ. ಗಾಜುಗಳು ಮುಚ್ಚಿದ್ದವು, ಎಂಜಿನ್ ಇನ್ನೂ ಓಡುತ್ತಿತ್ತು. ಮೇಷ್ಟ್ರು ನಿದ್ದೆ ಹೋದವನ ಹಾಗೆ ಕೂತಿದ್ದ.

ಇಲ್ಲಿಗೆ ದೊಡ್ಡಳಿಯ ಸುಮ್ಮನಿದ್ದಿದ್ದರೆ ಕತೆ ಮುಗಿದುಹೋಗುತ್ತಿತ್ತು. ಆದರೆ ಹೊಗಳಿಕೆಗೆ ಸಾವೂ ಅಡ್ಡಬರಲಿಲ್ಲ! ಮನೆ ತುಂಬ ಜನ. ಎಲ್ಲರ ಬಾಯಲ್ಲೂ ಮೇಷ್ಟ್ರೇ. ಎಷ್ಟು ಜಾಣ, ಎಷ್ಟು ಮೆದು, ಮೊನ್ನೆ ಮೊನ್ನೆ ಕಾರನ್ನೂ ತಾನೇ ರಿಪೇರಿ ಮಾಡಿಕೊಂಡಿದ್ದನಲ್ಲ. ಯಾರೋ ಆ ಫೋಟೋವನ್ನು ದೊಡ್ಡದು ಮಾಡಿಸಿ ಗೋಡೆಗೆ ಒರಗಿಸಿದ್ದರು. ಬದುಕಿದ್ದಾಗ ಒಂದು ಕುರ್ಚಿ ಹಿಡಿದಿದ್ದವನು ಈಗ ಇಡೀ ಮನೆ ಹಿಡಿದ. ಮಗಳು ಎರಡು ದಿನ ಅತ್ತು ಅತ್ತು ಅಪ್ಪನ ಮುಖ ಕೂಡ ನೋಡಲಿಲ್ಲ. ತಾನು ಸತ್ತಿದ್ದರೆ ಹೀಗೆ ಅಳುತ್ತಿದ್ದಳೇ? ಎಂದು ಅವನು ಲೆಕ್ಕ ಹಾಕುತ್ತ ಕೂತ. ಸತ್ತವನ ಮೇಲೂ ಹೊಟ್ಟೆಕಿಚ್ಚು ಪಡಬಹುದು, ಅದು ಬದುಕಿದವನ ಮೇಲಿನದಕ್ಕಿಂತ ಬಿಸಿ ಎಂದು ಅವನಿಗೆ ಆಗ ತಿಳಿಯಿತು.

ಮೂರನೇ ದಿನ ಡಾಕ್ಟರು ರಕ್ತದಲ್ಲಿ ಹೊಗೆಯ ವಿಷ ಇದೆ ಎಂದು ಬರೆದರು. ಪೊಲೀಸ್ ಸಾಹೇಬರು, ಸಭ್ಯ ಮನುಷ್ಯ, ಕಾರು ಪರೀಕ್ಷೆಗೆ ಗೊತ್ತಿರುವವರೊಬ್ಬರು ಬೇಕು, ಯಾವುದಾದರೂ ಗ್ಯಾರೇಜಿನಿಂದ ಕರೆಸುತ್ತೇವೆ ಎಂದರು. ಯಾರೋ ಒಬ್ಬ ಮೆಕ್ಯಾನಿಕ್ ಬಂದು ನೋಡಿ, ‘ಸೋರಿದೆ’ ಎಂದು ಎರಡು ಸಾಲು ಹೇಳಿ ಹೋಗುತ್ತಿದ್ದ. ಆದರೆ ಆ ಎರಡು ಸಾಲಿನಲ್ಲಿ ಮೇಷ್ಟ್ರ ಮಾನ ಪೂರ್ತಿ ಹೋಗುತ್ತಿರಲಿಲ್ಲ. ಎಲ್ಲರಿಗೂ ಕೇಳಬೇಕು, ಬಿಡಿಸಿ ಬಿಡಿಸಿ ಹೇಳಬೇಕು.

“ಬೇರೆ ಯಾರೂ ಬೇಡ ಸಾರ್, ನಾನೇ ನೋಡ್ತೀನಿ. ನಮ್ಮನೆ ಮನುಷ್ಯ,” ಎಂದ ದೊಡ್ಡಳಿಯ.

ಠಾಣೆಯ ಅಂಗಳದಲ್ಲಿ ಕಾರನ್ನು ಎತ್ತಿ ನಿಲ್ಲಿಸಿದ್ದರು. ಮಾವ ಗೋಡೆ ಹಿಡಿದು ನಿಂತಿದ್ದರು, ಪಕ್ಕದಲ್ಲಿ ನಾದಿನಿ. ಅವನು ಕೆಳಗೆ ಬಗ್ಗಿ, ಟಾರ್ಚು ಹಿಡಿದು, ಎಷ್ಟು ಹೊತ್ತು ನೋಡಬೇಕೋ ಅಷ್ಟು ಹೊತ್ತು ನೋಡಿದ. ಆಮೇಲೆ ಎದ್ದು ಕೈ ಒರೆಸಿಕೊಂಡ.

“ಗ್ಯಾಸ್ಕೆಟ್ ಒಡೆದಿದೆ ಸಾರ್. ಹಾಕುವಾಗಲೇ ಒಡೆದದ್ದನ್ನ ಹಾಕಿದಾರೆ. ಬೋಲ್ಟು ಬಿಗಿದೇ ಇಲ್ಲ. ಹೊಗೆಯೆಲ್ಲ ಒಳಗೇ ಬಂದಿದೆ.”

“ಹಾಕಿದ ಮೇಲೆ ಬೇರೆ ಯಾರಾದ್ರೂ ಬಿಚ್ಚಿರಬಹುದಾ?” ಎಂದರು ಸಾಹೇಬರು.

ಇದೊಂದು ಪ್ರಶ್ನೆಗೆ ಅವನು ಮೂರು ದಿನದಿಂದ ಉತ್ತರ ಮಸೆದಿಟ್ಟುಕೊಂಡಿದ್ದ. “ಸಾಧ್ಯಾನೇ ಇಲ್ಲ. ಮಣ್ಣು ಹೇಗೆ ಕೂತಿದೆ ನೋಡಿ. ಯಾರು ಹಾಕಿದ್ರೋ ಅವರೇ ಕೊನೇಗೆ ಮುಟ್ಟಿದ್ದು. ಇಪ್ಪತ್ತೆರಡು ವರ್ಷದ ಅನುಭವದ ಮೇಲೆ ಹೇಳ್ತೀನಿ, ಬರ್ಕೊಳ್ಳಿ.”

ರೈಟರು ಬರೆದುಕೊಂಡ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹಿಂದಿನಿಂದ ಮಾವನ ದನಿ, “ಅವನು ಅಚ್ಚುಕಟ್ಟಿನ ಮನುಷ್ಯ ಕಣ್ರೀ, ಹಾಗೆ ಮಾಡೋನಲ್ಲ,” ಎಂದಿತು. ದೊಡ್ಡಳಿಯನ ತಲೆಗೆ ಸರ್ರನೆ ಏರಿತು.

“ಅಚ್ಚುಕಟ್ಟಂತೆ! ಇದು ತಿಳೀದೆ ಆದ ತಪ್ಪೂ ಅಲ್ಲ ಸಾರ್. ಒಡೆದದ್ದು ಕಣ್ಣಿಗೆ ಹೊಡೆಯೋ ಹಾಗೆ ಕಾಣ್ತಿದೆ. ಗೊತ್ತಿದ್ದೂ ಹಾಕಿದ್ದು. ಬೇರೆಯವರ ಕಾರಿಗೆ ಯಾರಾದ್ರೂ ಹೀಗೆ ಮಾಡಿದ್ರೆ ಅದು ಕೊಲೇನೇ. ಅದನ್ನೂ ಬರ್ಕೊಳ್ಳಿ.”

ಅದನ್ನೂ ಬರೆದುಕೊಂಡರು. ಓದಿ ಹೇಳಿದರು. ಅವನು ಕೆಳಗೆ ತನ್ನ ಸಹಿ ಹಾಕಿದ, ಕೊನೆಯ ಅಕ್ಷರದ ಬಾಲವನ್ನು ಎಂದಿನಂತೆ ಉದ್ದಕ್ಕೆ ಎಳೆದು. ಎಷ್ಟೋ ದಿನದ ಮೇಲೆ ಎದೆ ಹಗುರವಾಯಿತು.

ನಾದಿನಿ ಆಗ ಮುಂದೆ ಬಂದಳು. ಮೂರು ದಿನದ ಅಳುವಿನಿಂದ ಅವಳ ಕಣ್ಣು ಊದಿತ್ತು, ಆದರೆ ದನಿ ಗಟ್ಟಿಯಾಗಿತ್ತು. “ಹಾಗಾದ್ರೆ ಅವರನ್ನ ಬಿಡಬೇಡಿ ಭಾವ.”

“ಯಾರನ್ನಮ್ಮಾ?”

“ಇವರಿಗೆಲ್ಲಿ ಬರುತ್ತೆ ಭಾವ ಈ ಕೆಲಸ? ಸ್ಪ್ಯಾನರ್ ಯಾವ ಕಡೆ ಹಿಡೀಬೇಕು ಅನ್ನೋದೂ ಗೊತ್ತಿರಲಿಲ್ಲ. ನೀವು ಮಲಗಿದ್ದಾಗ ನಿಮ್ಮ ಗ್ಯಾರೇಜಿಗೇ ಹೋಗಿ ಹಾಕಿಸ್ಕೊಂಡು ಬಂದ್ರು, ನಿಮಗೆ ಹೇಳಬೇಡಿ ಅಂತ ಅಲ್ಲಿಯವರನ್ನೆಲ್ಲ ಬೇಡ್ಕೊಂಡು. ಹಳೇದನ್ನ ಕೇಳಿ ಮನೆಗೆ ತಂದ್ರು. ಕೆನ್ನೆಗೆ ಬಾಣಲೆ ತಳದ ಮಸಿ ಹಚ್ಚಿದ್ದು ನಾನೇ.” ಅವಳು ತಂದೆಯ ಕಡೆ ನೋಡಿದಳು. “ಅಪ್ಪ ನಿಮ್ಮೆದುರಿಗೆ ಹೇಳ್ತಿದ್ರೋ ಇಲ್ವೋ, ನಮ್ಮನೆಗೆ ಬಂದಾಗಲೆಲ್ಲ ಒಂದೇ ಮಾತು: ಕೈಲಿ ಕಸುಬಿರೋನು ದೊಡ್ಡಳಿಯ, ನೀವು ಬರೀ ಪುಸ್ತಕ. ಹನ್ನೊಂದು ವರ್ಷ ಕೇಳಿದಾರೆ. ಒಂದೇ ಒಂದು ದಿನ ನಿಮ್ಮ ಥರ ಆಗಬೇಕು ಅಂತ ಆಸೆಯಾಗಿತ್ತು ಅವರಿಗೆ.”

ಅವಳು ಕೈಚೀಲದಿಂದ ನಾಲ್ಕು ಮಡಿಕೆಯ ಹಳದಿ ಕಾಗದವೊಂದನ್ನು ತೆಗೆದು ಸಾಹೇಬರ ಕೈಗೆ ಕೊಟ್ಟಳು. ಅದು ಗ್ಯಾರೇಜಿನ ಜಾಬ್ ಕಾರ್ಡು, ಅಂದರೆ ಯಾವ ಕಾರಿಗೆ ಏನು ಕೆಲಸ ಮಾಡಿದೆ ಎಂದು ಗಿರಾಕಿಗೆ ಬರೆದುಕೊಡುವ ಚೀಟಿ. ಬಿಳಿ ಕಾರಿನ ನಂಬರು, ಹೊಸ ಸೈಲೆನ್ಸರ್, ಹೊಸ ಗ್ಯಾಸ್ಕೆಟ್, ನಾಲ್ಕೂ ಬೋಲ್ಟು ಬಿಗಿದಿದೆ ಎಂದು ಕೆಲಸ ಮಾಡಿದ ವೆಲ್ಡಿಂಗಿನ ಹುಡುಗನ ಕೈಬರಹ. ಹೆಡ್ ಮೆಕ್ಯಾನಿಕ್ ರಜೆ ಹಾಕಿದರೆ ಗಿರಾಕಿಗಳ ಕಾರು ನಿಲ್ಲಬಾರದೆಂದು ದೊಡ್ಡಳಿಯನೇ ಪ್ರತಿ ತಿಂಗಳ ಮೊದಲ ದಿನ ಚಹಾ ಕುಡಿಯುತ್ತ ಇಡೀ ಪುಸ್ತಕದ ಖಾಲಿ ಕಾರ್ಡುಗಳಿಗೆ ಸಹಿ ಹಾಕಿಡುತ್ತಿದ್ದ. ಆ ಗ್ಯಾರೇಜಿನಲ್ಲಿ ಅದು ಎಷ್ಟು ಮಾಮೂಲು ಎಂದರೆ, ಆ ಪುಸ್ತಕ ಅವನ ನೆನಪಿಗೇ ಬಂದಿರಲಿಲ್ಲ. ಸಾಹೇಬರು ಕಾರ್ಡನ್ನು ಒಮ್ಮೆ ಓದಿದರು, ಅವನ ಹೇಳಿಕೆಯನ್ನು ಇನ್ನೊಮ್ಮೆ ಓದಿದರು. ಆಮೇಲೆ ಎರಡನ್ನೂ ಕಾರಿನ ಬಾನೆಟ್ಟಿನ ಮೇಲೆ ಪಕ್ಕಪಕ್ಕ ಹರಡಿ, ಕಾರ್ಡಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “‘ಕೆಲಸ ಮಾಡಿಸಿ, ಪರೀಕ್ಷಿಸಿದವರು’ ಅಂತ ಇದೆ. ಇದು ಯಾರ ಸಹಿ?” ಎಂದು ಕೇಳಿದರು.